ಎಚ್ಚರದ ಪಾಳಿ

ಶ್ರೀಮಂಗಲದ ಪಶು ಆಸ್ಪತ್ರೆಯ ತಕ್ಕಡಿ
ಹುತ್ತರಿಗೂ ಮುಂಚೆಯೇ ಕೆಟ್ಟಿತ್ತು.
ಎದುರಿನ ಕಣದಿಂದ ಕಾಫಿ ತೂಗುವ ಯಂತ್ರ ಹೊತ್ತು ತಂದೆವು.
ಮಂದಣ್ಣ ನಾಯಿಯನ್ನೆತ್ತಿಕೊಂಡು ನಿಂತರು: ತೊಂಬತ್ತಾರು.
ಇಳಿಸಿ ನಿಂತರು: ಎಪ್ಪತ್ತೆಂಟೂವರೆ.
"ಬೂಟು ಎರಡು ಸಲವೂ ಇತ್ತು ತಾನೆ?" ದೇಚಮ್ಮಕ್ಕ ಕೇಳಿದರು.
ಹದಿನೇಳೂವರೆ. ಅಂಗೈ ಮೇಲೆ ಬರೆದೆ,
ಗುಣಿಸಿದೆ, ಅಳಿಸಿದೆ, ಮತ್ತೆ ಗುಣಿಸಿದೆ.
ಒಂದು ಚುಕ್ಕೆ ಜಾರಿ ಪಕ್ಕದ ಮನೆಗೆ ಕೂತರೆ
ನಾಯಿ ಏಳುವುದಿಲ್ಲ.

ಬೆಳಿಗ್ಗೆ ಏನಾದರೂ ತಿಂದಿದೆಯಾ?
ಇಲ್ಲ, ಎಂದರು ಮಂದಣ್ಣ.
ಒಂದು ತುಣುಕೂ?
ಇಲ್ಲ ಎಂದೆನಲ್ಲ.
ಮೂರನೆಯ ಸಲ ದೇಚಮ್ಮಕ್ಕ ಅವರನ್ನು ಕೇಳಲಿಲ್ಲ,
ಜೀಪಿನ ಹಿಂದೆ ಹಗ್ಗ ಸುತ್ತುತ್ತಿದ್ದ ಮೊಮ್ಮಗನನ್ನು ಕೇಳಿದರು.
"ಎರಡು ಕಡಂಬುಟ್ಟು. ದಾರೀಲಿ. ನೋವು ಮರೀಲಿ ಅಂತ ತಾತನೇ..."

ಗಾಯಕ್ಕೆ ಬಟ್ಟೆ ಬಿಗಿದು, ಸಲೈನ್ ಏರಿಸಿ
ಮಧ್ಯಾಹ್ನದವರೆಗೂ ಕಾದೆವು.
ಗಾಯ ಹೇಗಾಯಿತು ಅಂದರೆ, ತಂತಿ ಬೇಲಿ.
ತಂತಿ ಹೀಗೆ ಕೆಳಗಿನಿಂದ ಮೇಲಕ್ಕೆ ಬಗೆಯುವುದಿಲ್ಲ,
ಹಂದಿಯ ಕೋರೆ ಬಗೆಯುತ್ತದೆ.
ಡಾಕ್ಟರ್ ಅಪ್ಪಚ್ಚು ಕನ್ನಡಕ ಒರೆಸಿಕೊಂಡರು, ಅಷ್ಟೆ.
"ಕಾಡಿನ ಸುಳ್ಳು ಫಾರೆಸ್ಟಿನವರಿಗಿರಲಿ,
ಹೊಟ್ಟೆಯ ಸುಳ್ಳು ನಮಗೆ ಬೇಡ ಮಂದಣ್ಣ,"
ಮುಂಗಾಲಿನ ಕೂದಲು ಬೋಳಿಸುತ್ತ ಅಂದರು ದೇಚಮ್ಮಕ್ಕ.

ಸೂಜಿ ನಾಳಕ್ಕೆ ಸಿಕ್ಕಿದ್ದು ನನ್ನ ಮೂರನೆಯ ಪ್ರಯತ್ನಕ್ಕೆ.
ಔಷಧಿ ಕಾಲು ಭಾಗ. ನಿಲ್ಲು. ನೋಡು. ಇನ್ನಷ್ಟು.
ಮೊದಲು ಬಾಲ ಬಿಟ್ಟುಕೊಟ್ಟಿತು, ಆಮೇಲೆ ಕುತ್ತಿಗೆ,
ಎಲ್ಲಕ್ಕಿಂತ ಕೊನೆಗೆ ದವಡೆ.
ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದೆ;
ಒಂದು ಉಸಿರು ಗಂಟಲ ಬಾಗಿಲು ತೆರೆಯುವುದನ್ನೇ ಕಾದು
ಡಾಕ್ಟರ್ ಕೊಳವೆ ಇಳಿಸಿದರು.
ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುವ ಹಾಗೆ.
"ನೋಡುತ್ತಿಲ್ಲ ಅದು. ಒಣಗದ ಹಾಗೆ ಮುಲಾಮು ಹಚ್ಚು."

ಹನ್ನೆರಡನೆಯ ಹೊಲಿಗೆಗೆ ಕರೆಂಟು ಹೋಯಿತು.
ಮಾನಿಟರಿನ ಹಸಿರು ಗೆರೆ ಹೋಯಿತು, ಬೀಪ್ ಹೋಯಿತು,
ಆಚೆ ಪಲ್ಪರ್ ಯಂತ್ರವೂ ನಿಂತು
ಊರಿಗೆ ಊರೇ ಕಿವಿಯಾಯಿತು.
"ಸಫಿಯಾ, ಇನ್ನು ನೀನೇ."
ಒಳತೊಡೆಗೆ ಎರಡು ಬೆರಳು.
ಒತ್ತಬಾರದು, ಒತ್ತಿದರೆ ಸಿಗುವುದು ನಿನ್ನದೇ ನಾಡಿ.
ಒಸಡು ಅದುಮಿ ಬಿಡು: ಬಿಳಿ, ಮತ್ತೆ ಗುಲಾಬಿ,
ಎರಡು ಎಣಿಸುವಷ್ಟರಲ್ಲಿ ಬಣ್ಣ ಮನೆಗೆ ಬರಬೇಕು.
ಉಸಿರು ಹನ್ನೊಂದು.
ಉಸಿರು ಒಂಬತ್ತು.
ಮುಂದಿನ ನಿಮಿಷ ನಾನು ಎರಡು ಸಲ ಎಣಿಸಿದೆ,
ತಪ್ಪು ನನ್ನದಾಗಿರಲಿ ಎಂದು.
ಆರು.
ಕೆಟ್ಟ ಸಂಖ್ಯೆ ಬಾಯಲ್ಲಿ ಕಲ್ಲು. ಉಗುಳುವುದನ್ನೂ ಕಲಿಯಬೇಕು.
"ಆರು!" ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಸೂಜಿ ನಿಂತಿತು. ಚೀಲ ಕೈಗೆ ಬಂತು.
ನನ್ನ ಮುಷ್ಟಿ ಮುಚ್ಚಿದಾಗ
ಅದರ ಎದೆ ತೆರೆಯಿತು.

ಅರಿವಳಿಕೆ ಎಂದಿದೆ ಪುಸ್ತಕದಲ್ಲಿ.
ಒಂದೂವರೆ ಗಂಟೆ ಆ ನಾಯಿಯ ಅರಿವು
ನನ್ನ ಹತ್ತಿರ ಅಡವಿಗಿತ್ತು,
ಒಡವೆ ಇಟ್ಟುಕೊಂಡವರ ಹಾಗೆ
ಮೂಗು ತುರಿಸಿದರೂ ಕೈ ತೆಗೆಯಲಿಲ್ಲ.

ಜನವರಿಯ ಸಂಜೆ, ಸಿಮೆಂಟು ನೆಲ.
ಮಂದಣ್ಣನ ಕಾಲುಚೀಲದೊಳಗೆ ಬಿಸಿನೀರಿನ ಬಾಟಲಿ,
ಮೇಲೆ ಕಾಫಿ ಗೋಣಿ. ಕಾದೆವು.
ಕಿವಿಯೊಳಗಿನ ಕೂದಲು ಮುಟ್ಟಿದರೆ ಕಿವಿ ಅದುರಿತು.
ಆಮೇಲೆ ನುಂಗಿತು, ಒಂದೇ ಒಂದು ಗುಟುಕು,
ಆಗಲೇ ಕೊಳವೆ ತೆಗೆಯಬೇಕು, ಅದಕ್ಕೆ ಮೊದಲಲ್ಲ.
ತೆಗೆದೆ.
ಮಂದಣ್ಣ ಬಾಗಿಲಲ್ಲಿ: "ಸ್ವಲ್ಪ ನೀರು..."
"ಬೇಡ!" ನಾನೂ ದೇಚಮ್ಮಕ್ಕನೂ ಒಟ್ಟಿಗೆ.
ಅವರು ಹುಡುಗನ ಹಾಗೆ ಕೈ ಹಿಂದೆ ಕಟ್ಟಿಕೊಂಡರು.

ಕೊನೆಯ ಬಸ್ಸು. ಪೊನ್ನಂಪೇಟೆ ದಾಟುವಾಗ
ಪಕ್ಕದ ಹೆಂಗಸು, ಮಡಿಲಲ್ಲಿ ಕಿತ್ತಳೆಯ ಚೀಲ,
ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು.
ಯಾರೋ, ಗೊತ್ತಿಲ್ಲ.
ಗೋಣಿಕೊಪ್ಪ ಬರುವವರೆಗೂ
ಹದಿನಾಲ್ಕು, ಹದಿನಾಲ್ಕು, ಹದಿಮೂರು,
ಹದಿನಾಲ್ಕು.